ಗಂಧದ ಗಿಡ, ದರೋಜಿ ಕರಡಿ: ಒಂದೇ ಪಟ್ಟಿ, ಎರಡು ಇತಿಹಾಸ

ಭಾಗ 1: ಹಿತ್ತಲು

ಮೊದಲ ಫೋಟೋ ನೋಡಿ. ಮಲಪನಗುಡಿಯ ನಮ್ಮ ಮನೆ ಹಿತ್ತಲು. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಖಾಲಿ ಜಾಗ ಇದೆಯಲ್ಲ, ಅಲ್ಲಿ ಒಂದು ಕಾಲದಲ್ಲಿ ಗಂಧದ ಗಿಡ ಇತ್ತಂತೆ. ಯಾರೂ ನೆಟ್ಟಿದ್ದಲ್ಲ. ಯಾವುದೋ ಹಕ್ಕಿ ಹಣ್ಣು ತಿಂದು ಬೀಜ ಬೀಳಿಸಿ ಹೋಗಿದ್ದು. ಗಿಡ ಆಳೆತ್ತರ ಬೆಳೆದಾಗ ಯಾರೋ ಬಂದು ಅಜ್ಜನಿಗೆ ಹೇಳಿದರು: "ಇದು ಸರ್ಕಾರದ ಮರ ಕಣಪ್ಪಾ. ನಾಳೆ ಕಳ್ಳರು ಕಡಕೊಂಡು ಹೋದರೂ ನಿನ್ನನ್ನೇ ಕೇಳ್ತಾರೆ." ಅಜ್ಜ ಆ ರಾತ್ರಿಯೇ ಅದನ್ನು ಬೇರು ಸಮೇತ ಕಿತ್ತು ನೀರೊಲೆಗೆ ಹಾಕಿದ. ಸುಡುವಾಗ ಗಂಧದ ವಾಸನೆ ಬರುತ್ತೆ ಅಂತ ಹೆದರಿಕೊಂಡೇ ಕೂತಿದ್ದನಂತೆ. ಏನೂ ಬರಲಿಲ್ಲ. ಎಳೆ ಗಿಡ, ಇನ್ನೂ ಚೇಗು ಕಟ್ಟಿರಲಿಲ್ಲ.

ಎರಡನೇ ಫೋಟೋ ನಮ್ಮ ಸೋದರಮಾವನ ಎಡಗೈ. ಮಾವನ ಊರು ದರೋಜಿ ಕಡೆ. ಬೆಳಗಿನ ಜಾವ ಶೇಂಗಾ ಹೊಲಕ್ಕೆ ಹೋದಾಗ ಬದುವಿನ ಹಿಂದೆ ಮರಿ ಜೊತೆ ಇದ್ದ ಕರಡಿ ಎದ್ದು ನಿಂತು ಹೊಡೆದ ಗುರುತು ಅದು. ಮೊಣಕೈಯಿಂದ ಮುಂಗೈವರೆಗೂ ಐತೆ.

ನಾನು ಓದ್ತಿರೋದು ಹಿಸ್ಟರಿ. ಸೈನ್ಸ್ ಓದೋ ಗೆಳತಿಯೊಬ್ಬಳಿಗೆ "ಒಂದು ಸಸ್ಯ, ಒಂದು ಸಸ್ತನಿ ಹೋಲಿಸಿ, ವರ್ಗೀಕರಣ ಮತ್ತು ಸಂರಕ್ಷಣೆ ಬರೆಯಿರಿ" ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಶ್ರೀಗಂಧ ಮತ್ತು ಕರಡಿ ತಗೋ ಅಂತ ನಾನೇ ಹೇಳಿದೆ. ಅವಳು ಎರಡು ಕಾಲಂ ಹಾಕಿ ಚೆಂದದ ಟೇಬಲ್ ಮಾಡಿದಳು. ಮೇಲಿನ ಸಾಲುಗಳಲ್ಲಿ ಎಲ್ಲಾ ಬೇರೆ ಬೇರೆ. ಕೊನೇ ಸಾಲಿನಲ್ಲಿ ಮಾತ್ರ ಎರಡಕ್ಕೂ ಒಂದೇ ಪದ: ವಲ್ನರೆಬಲ್. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಎರಡೂ ಒಂದೇ ಮೆಟ್ಟಿಲ ಮೇಲಿವೆ. ಈಗಲೇ ಕಾಪಾಡದಿದ್ದರೆ ಅಳಿವಿನ ಕಡೆ ಜಾರುತ್ತವೆ ಅಂತ ಅದರ ಅರ್ಥ.

ಅವಳ ಪ್ರಾಜೆಕ್ಟ್ ಅಲ್ಲಿಗೆ ಮುಗೀತು. ನನಗೆ ಅಲ್ಲಿಂದ ಶುರುವಾಯ್ತು. ಒಂದನ್ನು ಇನ್ನೂರು ವರ್ಷದಿಂದ ರಾಜರು, ಸರ್ಕಾರಗಳು ಕಾವಲು ಹಾಕಿ ಕಾಯ್ದಿದ್ದಾರೆ. ಇನ್ನೊಂದನ್ನು ಕೊಂದವರಿಗೆ ಒಂದು ಕಾಲದಲ್ಲಿ ದುಡ್ಡು ಕೊಡ್ತಿದ್ದರು. ಹಾಗಿದ್ದೂ ಎರಡೂ ಒಂದೇ ಸಾಲಿಗೆ ಹೇಗೆ ಬಂದವು?

ಭಾಗ 2: ಹೆಸರಿಟ್ಟವರು

ಮೂರನೇ ಫೋಟೋ ಆ ಟೇಬಲ್‌ನದ್ದೇ (ಅವಳ ಅನುಮತಿ ತಗೊಂಡೇ ಹಾಕಿದ್ದೀನಿ).

ಕಾಲಂ ಪೂರ್ತಿ ಓದಬೇಡಿ, ಮುಖ್ಯವಾದದ್ದು ಇಷ್ಟು. ಶ್ರೀಗಂಧ ಸಸ್ಯ ಸಾಮ್ರಾಜ್ಯದ್ದು, ಹೂ ಬಿಡುವ ಸಸ್ಯ, ಗಣ ಸ್ಯಾಂಟಲೇಲಿಸ್, ಕುಟುಂಬ ಸ್ಯಾಂಟಲೇಸಿ, ಜಾತಿ ಸ್ಯಾಂಟಲಮ್, ಪ್ರಭೇದ ಆಲ್ಬಮ್. ಕರಡಿ ಪ್ರಾಣಿ ಸಾಮ್ರಾಜ್ಯದ್ದು, ಕಶೇರುಕ, ಸಸ್ತನಿ ವರ್ಗ, ಗಣ ಕಾರ್ನಿವೋರಾ ಅಂದರೆ ಮಾಂಸಾಹಾರಿಗಳ ಗಣ, ಕುಟುಂಬ ಉರ್ಸಿಡೆ, ಜಾತಿ ಮೆಲರ್ಸಸ್, ಪ್ರಭೇದ ಉರ್ಸಿನಸ್.

ಇಲ್ಲೇ ಒಂದು ತಮಾಷೆ ಇದೆ. ಹುಲಿ, ಚಿರತೆ, ನಾಯಿ ಇರುವ ಮಾಂಸಾಹಾರಿ ಗಣದಲ್ಲಿ ಕೂತಿರುವ ನಮ್ಮ ಕರಡಿ ತಿನ್ನೋದು ಗೆದ್ದಲು, ಇರುವೆ, ಜೇನು, ಬೋರೆಹಣ್ಣು, ಕಾರೆಹಣ್ಣು. ಗಣ ಅನ್ನೋದು ಊಟದ ಮೇಲೆ ಅಲ್ಲ, ಹಲ್ಲು, ತಲೆಬುರುಡೆ, ಪೂರ್ವಜರ ಸಂಬಂಧದ ಮೇಲೆ ನಿಂತಿರುತ್ತೆ. ಗಂಧದ್ದೂ ಹಾಗೇ. ಶ್ರೀಗಂಧ, ರಕ್ತಚಂದನ ಎರಡೂ ಅಣ್ಣತಮ್ಮ ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ರಕ್ತಚಂದನ ಹೊಂಗೆ, ಹುಣಸೆ, ತೊಗರಿಯ ಕುಟುಂಬದ್ದು. ಶ್ರೀಗಂಧದ ನಿಜವಾದ ನೆಂಟ ಬೇರೆ ಯಾರೋ ಅಲ್ಲ, ಮಾವಿನ ಮರದ ಕೊಂಬೆ ಮೇಲೆ ಬೆಳೆಯೋ ಬಂದಳಿಕೆ. ದೇವರ ಹಣೆಗೆ ಹಚ್ಚೋ ಗಂಧ ಮತ್ತು ರೈತ ಬೈದುಕೊಂಡು ಕಡಿದು ಹಾಕೋ ಬಂದಳಿಕೆ ಒಂದೇ ಗಣ!

ನೆಂಟಸ್ತನ ಸುಮ್ಮನೆ ಅಲ್ಲ. ಗಂಧವೂ ಅರ್ಧ ಪರಾವಲಂಬಿ. ಎಲೆಯಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೆ, ಆದರೆ ನೀರು ಮತ್ತು ಲವಣಕ್ಕೆ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸುತ್ತೆ. ಮಣ್ಣಿನ ಕೆಳಗೆ ನಡೆಯೋದರಿಂದ ಬಹಳ ಕಾಲ ಯಾರಿಗೂ ಕಾಣಲಿಲ್ಲ. 1871ರಲ್ಲಿ ಜಾನ್ ಸ್ಕಾಟ್ ಅನ್ನೋ ಸಸ್ಯಶಾಸ್ತ್ರಜ್ಞ ಇದನ್ನು ಗುರುತಿಸಿದ. ಈಗ ಗಂಧ ಬೆಳೆಯೋ ರೈತರು ಪಕ್ಕದಲ್ಲೇ ತೊಗರಿ ಹಾಕೋದು ಇದಕ್ಕೇ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗಂಧಕ್ಕೆ ಲ್ಯಾಟಿನ್ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಅವನು ಭಾರತಕ್ಕೆ ಬಂದವನೇ ಅಲ್ಲ. ಆಲ್ಬಮ್ ಅಂದರೆ ಬಿಳಿ. ನಮ್ಮ ಚಂದನ ಅನ್ನೋ ಪದವೇ ವ್ಯಾಪಾರಿಗಳ ಬಾಯಲ್ಲಿ ಪಶ್ಚಿಮಕ್ಕೆ ಹೋಗಿ ಸ್ಯಾಂಟಲಮ್ ಆಗಿ ವಾಪಸ್ ಬಂತು.

ಕರಡಿಯ ಕಥೆ ಅಷ್ಟು ನೆಟ್ಟಗಿಲ್ಲ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಇದಕ್ಕೆ ಬ್ರಾಡಿಪಸ್ ಉರ್ಸಿನಸ್ ಅಂತ ಹೆಸರಿಟ್ಟ. ಬ್ರಾಡಿಪಸ್ ಅಂದರೆ ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡೋ ಸ್ಲಾತ್ ಅನ್ನೋ ಪ್ರಾಣಿ. ಅಂದರೆ ನಮ್ಮ ಕರಡಿ ಕರಡಿಯೇ ಅಲ್ಲ, ಕರಡಿ ಥರ ಕಾಣೋ ಸ್ಲಾತ್ ಅಂತ ಶಾ ಲೆಕ್ಕ. ಕಾರಣ ಉದ್ದನೆಯ ಬಾಗಿದ ಉಗುರು ಮತ್ತು ಮೇಲ್ದವಡೆಯಲ್ಲಿ ಇಲ್ಲದ ಎರಡು ಮುಂಹಲ್ಲು. ಎರಡೇ ವರ್ಷದಲ್ಲಿ, 1793ರಲ್ಲಿ, ಮೆಯರ್ ಎಂಬಾತ ಮೆಲರ್ಸಸ್ ಅನ್ನೋ ಬೇರೆ ಜಾತಿ ಮಾಡಿದ. ಮೆಲ್ ಅಂದರೆ ಜೇನು, ಉರ್ಸಸ್ ಅಂದರೆ ಕರಡಿ. ತಪ್ಪು ತಿದ್ದಾಯ್ತು, ಆದರೆ ಇಂಗ್ಲಿಷ್‌ನಲ್ಲಿ ಇವತ್ತಿಗೂ ಅದು ಸ್ಲಾತ್ ಬೇರ್. ಸೋಮಾರಿ ಕರಡಿ! ನಮ್ಮ ಮಾವನ ಮುಂದೆ ಆ ಹೆಸರು ಹೇಳಿದರೆ ನಗ್ತಾನೆ. ಅದು ಓಡಿ ಬಂದ ವೇಗ ನೋಡಿದವನು ಅವನು.

ಆ ಎರಡು ಹಲ್ಲಿಲ್ಲದ ಸಂದಿಯೇ ಕರಡಿಯ ಬದುಕು. ಹುತ್ತವನ್ನು ಉಗುರಲ್ಲಿ ಒಡೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದೆ ಚಾಚಿ ಗೆದ್ದಲನ್ನು ಸುರ್ ಅಂತ ಎಳೆದುಕೊಳ್ಳುತ್ತೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತೆ. ಯುರೋಪಿನವರು ಕೊರತೆ ಅಂತ ನೋಡಿದ್ದು ಅದಕ್ಕೆ ಊಟದ ಕೊಳವೆ.

ಭಾಗ 3: ರಾಜನ ಮರ

ನಾಲ್ಕನೇ ಫೋಟೋ ಹಂಪಿ ವಿರೂಪಾಕ್ಷನ ಗುಡಿ ಗೋಪುರ. ನಮ್ಮೂರಿಂದ ಸೈಕಲ್ ತುಳಿದರೆ ಸಿಗೋ ದೂರ. ಕೃಷ್ಣದೇವರಾಯ ಸಂಸ್ಕೃತದಲ್ಲಿ ಒಂದು ನಾಟಕ ಬರೆದಿದ್ದಾನೆ, ಜಾಂಬವತೀ ಕಲ್ಯಾಣಂ ಅಂತ. ಇದೇ ವಿರೂಪಾಕ್ಷನ ವಸಂತೋತ್ಸವದಲ್ಲಿ ಆಡೋಕೆ ಬರೆದದ್ದು. ಜಾಂಬವತಿ ಯಾರು? ಜಾಂಬವಂತನ ಮಗಳು, ಕರಡಿ ರಾಜನ ಮಗಳು, ಕೃಷ್ಣನ ಹೆಂಡತಿ. ಸುತ್ತಲ ಬಂಡೆಗುಡ್ಡದಲ್ಲಿ ಕರಡಿ ಓಡಾಡೋ ಊರಲ್ಲಿ ಕೂತು, ಗಂಧ ಪೂಸಿಕೊಂಡ ರಾಜ ಕರಡಿ ಮಗಳ ಮದುವೆ ಬರೆದ. ನಮ್ಮ ಎರಡು ಪಾತ್ರಗಳೂ ಒಂದೇ ಅಂಗಳದಲ್ಲಿ ಸಿಕ್ಕಿದ್ದು ಅಲ್ಲೊಮ್ಮೆ ಅಂತ ನನ್ನ ಕಲ್ಪನೆ.

ಆಮೇಲೆ ದಾರಿ ಬೇರೆಯಾಯ್ತು.

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷ ಅಂತ ಘೋಷಿಸಿದ. ಯಾರ ಹೊಲದಲ್ಲಿ ಬೆಳೆದರೂ ಮರ ರಾಜನದು. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳಕೊಂಡಿದ್ದ, ದಂಡದ ಹಣ ಬೇರೆ ಕಟ್ಟಬೇಕಿತ್ತು ಅನ್ನೋದನ್ನು ಪಕ್ಕದಲ್ಲಿಟ್ಟು ಓದಿ. ಟಿಪ್ಪು ಹೋದ ಮೇಲೂ ಮೈಸೂರಿನ ಒಡೆಯರ ಸರ್ಕಾರ ಆ ನಿಯಮ ಬಿಡಲಿಲ್ಲ. ಯಾರು ತಾನೆ ಬಿಡ್ತಾರೆ, ಖಜಾನೆಗೆ ಅಷ್ಟು ದುಡ್ಡು ತರೋ ಮರವನ್ನು?

ಇಲ್ಲಿ ನಮ್ಮ ಸೀಮೆಯ ವಿಷಯ ಒಂದು ಹೇಳಬೇಕು. ಕರ್ನಾಟಕದ ಗಂಧದ ಇತಿಹಾಸ ಅಂದರೆ ಎಲ್ಲರೂ ಮೈಸೂರಿನದನ್ನೇ ಹೇಳ್ತಾರೆ. ಹೊಸಪೇಟೆ ಆಗ ಮೈಸೂರಲ್ಲ. ಬಳ್ಳಾರಿ ಸೀಮೆ ಟಿಪ್ಪು ಕೈತಪ್ಪಿ ನಿಜಾಮನಿಗೆ ಹೋಗಿ, 1800ರಲ್ಲಿ ಕಂಪನಿಗೆ ಸೇರಿ, ಮದ್ರಾಸ್ ಪ್ರೆಸಿಡೆನ್ಸಿಯ ಭಾಗವಾಯ್ತು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿ 1949ರವರೆಗೂ ಉಳೀತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆಮೇಲೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದಾಗ ಮೈಸೂರಿನ ಹಳೇ ಹಿಡಿತ ನಮ್ಮ ಹಿತ್ತಲಿಗೂ ಬಂತು. ನಮ್ಮಜ್ಜ ಹೆದರಿದ್ದು ಟಿಪ್ಪು ಕಾಲದ ಒಂದು ಯೋಚನೆಗೆ, ಸುತ್ತಿ ಬಳಸಿ ನೂರೆಂಬತ್ತು ವರ್ಷ ಆದ ಮೇಲೆ.

ಮೈಸೂರು ಗಂಧ ಮೊದಲು ಕೊರಡಾಗಿ ಹರಾಜಾಗಿ ಯುರೋಪಿಗೆ ಹೋಗ್ತಿತ್ತು, ಎಣ್ಣೆ ಅಲ್ಲಿ ತೆಗೀತಿದ್ದರು, ಬಹಳಷ್ಟು ಜರ್ಮನಿಯಲ್ಲಿ. ಮೊದಲ ಮಹಾಯುದ್ಧ ಶುರುವಾಗಿ ಹಡಗು ನಿಂತಾಗ ಕೊರಡು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಇಲ್ಲೇ ಎಣ್ಣೆ ತೆಗೆಯೋಣ ಅಂತ 1916ರಲ್ಲಿ ಕಾರ್ಖಾನೆ ಶುರು ಮಾಡಿದರು. ಹಿಂದೆಯೇ ಸೋಪು ಬಂತು. ಮನೆಯಲ್ಲಿ ಹಬ್ಬಕ್ಕೆ ತರೋ ಮೈಸೂರ್ ಸ್ಯಾಂಡಲ್ ಸೋಪು ಅದೇ.

ಅಷ್ಟರಲ್ಲಿ ಮರಕ್ಕೆ ರೋಗ ಬಿದ್ದಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡದ್ದು, ಸ್ಪೈಕ್ ರೋಗ. ಎಲೆ ಸಣ್ಣದಾಗಿ, ಒತ್ತೊತ್ತಾಗಿ, ಕೊಂಬೆ ಕಡ್ಡಿ ಥರ ನೆಟ್ಟಗೆ ನಿಂತು ಮರ ಸಾಯುತ್ತೆ. ರೋಗ ತಡೆಯೋಕೆ ಅಂತ 1903ರಿಂದ 1916ರ ಒಳಗೆ ಕೊಡಗು, ಮೈಸೂರು ಭಾಗದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮರ ತೆಗೆದರು. ಮದ್ದು ಕಂಡುಹಿಡಿದವರಿಗೆ 10,000 ರೂಪಾಯಿ ಬಹುಮಾನ ಅಂತ 1907ರಲ್ಲಿ ಮೈಸೂರು ಮಹಾರಾಜರು ಸಾರಿದರು. ಆಗಿನ ಹತ್ತು ಸಾವಿರ! ರೋಗ ತರೋದು ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ, ರಸ ಹೀರೋ ಹುಳುಗಳು ಹರಡುತ್ತವೆ ಅಂತ ಗೊತ್ತಾಗಿದೆ. ಮರ ಉಳಿಸೋ ಮದ್ದು ಇವತ್ತಿಗೂ ಇಲ್ಲ.

ಲೆಕ್ಕ ನೋಡಿ. 1930ರಿಂದ 1950ರ ದಶಕಗಳಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಗಂಧದ ಚೇಗು ಸಿಗ್ತಿತ್ತು. ಈಚೆಗೆ ಅದು ಕೆಲವೇ ನೂರು ಟನ್ನಿಗೆ ಇಳೀತು. ಬೇರಲ್ಲೂ ಎಣ್ಣೆ ತುಂಬಾ ಇರೋದರಿಂದ ಗಂಧವನ್ನು ಕಡಿಯೋದಿಲ್ಲ, ಬುಡಸಮೇತ ಕೀಳ್ತಾರೆ. ಮತ್ತೆ ಚಿಗುರೋ ಮಾತೇ ಇಲ್ಲ. ಕಳ್ಳಸಾಗಣೆ ಅಂದ ತಕ್ಷಣ ನಿಮಗೆ ವೀರಪ್ಪನ್ ನೆನಪಾಗ್ತಾನೆ, ಸರಿ. ಆದರೆ ಎಲ್ಲವನ್ನೂ ಅವನ ತಲೆಗೆ ಕಟ್ಟೋದು ಸುಲಭದ ಉತ್ತರ ಅಂತ ನನಗನ್ನಿಸುತ್ತೆ. ನಮ್ಮಜ್ಜನಂಥವರು ಹಿತ್ತಲಲ್ಲಿ, ಬದುವಿನಲ್ಲಿ, ಸದ್ದಿಲ್ಲದೆ ಕಿತ್ತ ಗಿಡಗಳ ಲೆಕ್ಕ ಇಟ್ಟವರು ಯಾರು? ಮರ ಬೆಳೆದರೆ ಲಾಭ ಸರ್ಕಾರಕ್ಕೆ, ಕಳುವಾದರೆ ತಲೆನೋವು ರೈತನಿಗೆ. ಅಂಥ ಗಿಡವನ್ನು ಯಾರು ಬೆಳೆಸ್ತಾರೆ? 2001ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಜಮೀನಿನಲ್ಲಿರೋ ಗಂಧದ ಮರಕ್ಕೆ ಜಮೀನಿನವನೇ ಮಾಲೀಕ ಅಂತಾಯ್ತು. ಅಷ್ಟೊತ್ತಿಗೆ ನಮ್ಮ ಹಿತ್ತಲು ಖಾಲಿಯಾಗಿ ಬಹಳ ವರ್ಷವಾಗಿತ್ತು. ಅತ್ತ ಆಸ್ಟ್ರೇಲಿಯಾದವರು ಇದೇ ಸ್ಯಾಂಟಲಮ್ ಆಲ್ಬಮ್ಮನ್ನು ಎಕರೆಗಟ್ಟಲೆ ತೋಟ ಮಾಡಿಬಿಟ್ಟರು.

ಭಾಗ 4: ಬೀದಿಯ ಕರಡಿ

ಇದು ಸಣ್ಣ ಪೋಸ್ಟ್. ಫೋಟೋ ಹಾಕಿಲ್ಲ, ಹಾಕೋ ಮನಸ್ಸಾಗಲಿಲ್ಲ.

ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆ ಜೊತೆ ಕರಡಿಯೂ ಅಪಾಯಕಾರಿ ಮೃಗಗಳ ಪಟ್ಟಿಯಲ್ಲಿತ್ತು. ಕೊಂದು ತೋರಿಸಿದರೆ ಇನಾಮು. ಗಂಧದ ಮರ ಕಡಿದರೆ ಜೈಲು, ಕರಡಿ ಕೊಂದರೆ ದುಡ್ಡು! ಎರಡೂ ಒಂದೇ ಗುಡ್ಡದಲ್ಲಿ.

ಇನ್ನೊಂದು ಕಡೆ ಕರಡಿ ಆಡಿಸೋರು. ಮರಿಯನ್ನು ಹಿಡಿದು, ಮೂಗು ಚುಚ್ಚಿ ಹಗ್ಗ ಪೋಣಿಸಿ, ಊರೂರು ಕುಣಿಸೋದು. ನಮ್ಮಮ್ಮ ಚಿಕ್ಕವಳಿದ್ದಾಗ ಕರಡಿ ಕೂದಲ ತಾಯಿತ ಕಟ್ಟಿಸಿಕೊಂಡಿದ್ದಳಂತೆ, ಹೆದರಿಕೆ ಹೋಗಲಿ ಅಂತ. ಕುಣಿಸ್ತಿದ್ದ ಖಲಂದರ್ ಜನ ಕಡುಬಡವರು, ತಲೆತಲಾಂತರದ ಕಸುಬು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದರೂ ಇದು ದಶಕಗಟ್ಟಲೆ ನಡೀತು. ಅವರಿಗೆ ಬೇರೆ ದುಡಿಮೆ ಹುಡುಕಿಕೊಟ್ಟು ಕರಡಿ ಬಿಡಿಸಿಕೊಳ್ಳೋ ಕೆಲಸ ಶುರುವಾದ ಮೇಲೆ ಬದಲಾಯ್ತು. ಕೊನೆಯ ಕುಣಿಯೋ ಕರಡಿ ಅಂತ ಹೇಳಲಾದದ್ದು 2009ರಲ್ಲಿ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರ ಸೇರಿತು. ಕಾಯ್ದೆಯಿಂದ ಅಲ್ಲಿಗೆ 37 ವರ್ಷ.

ಗೆಳತಿಯ ಟೇಬಲ್‌ನಲ್ಲಿ ಇಲ್ಲದ ಒಂದು ಸಾಲು: ಆ 1972ರ ಕಾಯ್ದೆಯಲ್ಲಿ ಮೊದಲು ಗಿಡಮರಗಳಿಗೆ ಜಾಗವೇ ಇರಲಿಲ್ಲ. 1991ರ ತಿದ್ದುಪಡಿಯಲ್ಲಿ ಸಸ್ಯಗಳ ಪಟ್ಟಿ ಸೇರಿಸಿದರು, ಆರೇ ಆರು. ಅದರಲ್ಲಿ ಶ್ರೀಗಂಧ ಇಲ್ಲ. ಕರಡಿ ಈಗ ಮೊದಲನೇ ಅನುಸೂಚಿಯಲ್ಲಿ, ಹುಲಿ ಆನೆ ಜೊತೆ. ಕರಡಿಯನ್ನು ಕಾಯೋದು ವನ್ಯಜೀವಿ ಕಾಯ್ದೆ, ಗಂಧವನ್ನು ಕಾಯೋದು ಅರಣ್ಯ ಉತ್ಪನ್ನದ ಕಾಯ್ದೆ. ಒಂದು ಜೀವ, ಇನ್ನೊಂದು ಮಾಲು.

ಭಾಗ 5: ದರೋಜಿ

ಐದನೇ ಫೋಟೋ ವೀಕ್ಷಣಾ ಗೋಪುರದಿಂದ ತೆಗೆದದ್ದು. ಝೂಮ್ ಮಾಡಿ, ಬಲಗಡೆ ಬಂಡೆ ಪಕ್ಕ ಕಪ್ಪು ಚುಕ್ಕೆ ಇದೆಯಲ್ಲ, ಅದೇ. ಬೆನ್ನ ಮೇಲಿನ ಗಂಟು ಅವಳ ಮರಿ. ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿಂಗಳುಗಟ್ಟಲೆ ತಿರುಗೋದು ಕರಡಿ ಕುಟುಂಬದಲ್ಲಿ ನಮ್ಮ ಕರಡಿಯ ವಿಶೇಷ.

ಬಿಳಿಕಲ್ಲು ಮೀಸಲು ಅರಣ್ಯವನ್ನು 1994ರಲ್ಲಿ ದರೋಜಿ ಕರಡಿಧಾಮ ಅಂತ ಘೋಷಿಸಿದರು. 2009ರಲ್ಲಿ ಬುಕ್ಕಸಾಗರದ ಕಾಡೂ ಸೇರಿ 82.72 ಚದರ ಕಿಲೋಮೀಟರ್ ಆಯ್ತು. 2013ರಲ್ಲಿ ಕೂಡ್ಲಿಗಿ ಕಡೆ ಗುಡೇಕೋಟೆಯಲ್ಲಿ ಇನ್ನೊಂದು ಕರಡಿಧಾಮ. ಇದೆಲ್ಲ ತಾನಾಗಿ ಆಗಿದ್ದಲ್ಲ. ಹೊಸಪೇಟೆಯ ಸಮದ್ ಕೊಟ್ಟೂರು ಅವರಂಥವರು ವರ್ಷಗಟ್ಟಲೆ ಈ ಕಲ್ಲುಗುಡ್ಡ ಸುತ್ತಿ, ಫೋಟೋ ತೆಗೆದು, ಬರೆದು, ಇದು ಬರೀ ಬರಡು ಜಾಗ ಅಲ್ಲ ಅಂತ ತೋರಿಸಿದರು. ಸಂಡೂರು ರಾಜಮನೆತನದ ಎಂ. ವೈ. ಘೋರ್ಪಡೆಯವರೂ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರು. ಕ್ಯಾಮೆರಾ ಹಿಡಿದೋರ ಊರು ನಮ್ಮದು, ಹಾಗಾಗಿ ನನ್ನ ಈ ಮಸುಕು ಫೋಟೋಗೆ ಕ್ಷಮೆ ಇರಲಿ.

ಇಲ್ಲಿ ಕಾಯ್ದದ್ದು ಏನನ್ನು ಅಂತ ಗಮನಿಸಿ. ಒಂದೊಂದು ಕರಡಿಗೂ ನಂಬರ್ ಹಾಕಿ ಕಾವಲು ಕೂರಿಸಲಿಲ್ಲ. ಬಂಡೆ, ಗವಿ, ಹುತ್ತ, ಕಾರೆ ಪೊದೆ, ಬೋರೆ ಗಿಡ, ಎಲ್ಲಾ ಸೇರಿದ ಜಾಗವನ್ನು ಕಾಯ್ದರು. ಕರಡಿ ಹಣ್ಣು ತಿಂದು ಬೀಜ ಹರಡಿತು, ಪೊದೆ ಬೆಳೀತು, ಪೊದೆಯಲ್ಲಿ ಚಿರತೆ, ನವಿಲು ಎಲ್ಲಾ ಬಂದವು. ಗಂಧಕ್ಕೆ ಹೀಗೆ ಮಾಡಿದವರು ಕಡಿಮೆ. ಮರಕ್ಕೆ ನಂಬರ್ ಹಾಕಿ, ಬೇಲಿ ಹಾಕಿ, ಕೆಲವು ಕಡೆ ಬಂದೂಕು ಹಿಡಿದು ಕಾಯ್ದರು. ಭಾಗ 2ರಲ್ಲಿ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ: ಪಕ್ಕದ ಗಿಡದ ಬೇರು ಹಿಡಿದು ಬದುಕೋ ಮರ ಅದು. ಬೀಜ ಹೊತ್ತು ಹೋಗೋಕೆ ಹಕ್ಕಿ ಬೇಕು, ಬೇರು ಕೊಡೋಕೆ ನೆರೆ ಗಿಡ ಬೇಕು. ನೆರೆಹೊರೆ ಬಿಟ್ಟು ಅದನ್ನೊಂದನ್ನೇ ಕಾಯ್ತೀನಿ ಅಂದರೆ ಆಗೋ ಕೆಲಸ ಅಲ್ಲ.

ಸಂಡೂರಿನ ಗುಡ್ಡಗಳಲ್ಲಿ ಗಂಧವೂ ಇದೆ, ಕರಡಿಯೂ ಇದೆ, ಕೆಳಗೆ ಅದಿರೂ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸೋವರೆಗೆ ಕೆಂಧೂಳು ಮೆತ್ತಿದ ಮರಗಳನ್ನು ನಮ್ಮ ಅಣ್ಣಂದಿರು ನೋಡಿದ್ದಾರೆ. ಗುಡ್ಡ ಅಗೆದರೆ ಯಾವ ಅನುಸೂಚಿಯಲ್ಲಿದ್ದರೂ ಒಂದೇ.

ದರೋಜಿಯಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. ನೋಡೋಕೆ ಬಂದವರಿಗೆ ಕರಡಿ ಕಾಣಲಿ ಅಂತ ಬಂಡೆಗೆ ಬೆಲ್ಲದ ಪಾಕ ಬಳೀತಾರೆ. ನಾನೂ ಅದರಿಂದಲೇ ಈ ಫೋಟೋ ತೆಗೆದೆ, ಆದರೂ ಮನಸ್ಸಿಗೆ ಸರಿ ಬರಲಿಲ್ಲ. ಇನ್ನು ಧಾಮದ ಗಡಿ ದಾಟಿದ ಕೂಡಲೇ ಶೇಂಗಾ, ಮೆಕ್ಕೆಜೋಳ. ಕರಡಿಗೆ ಗಡಿ ಕಲ್ಲು ಓದೋಕೆ ಬರಲ್ಲ. ಧಾಮದ ಖರ್ಚಿನಲ್ಲಿ ಒಂದು ಪಾಲು ನಮ್ಮ ಮಾವನ ಕೈ ಮೇಲಿದೆ.

ಮಾವನನ್ನೇ ಕೇಳಿದೆ, ಕರಡಿ ಇರಬೇಕಾ ಬೇಡವಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದರ ಮರಿ ಇತ್ತಲ್ಲೋ ಅಲ್ಲಿ. ನಾನು ಸದ್ದು ಮಾಡದಂಗೆ ಹೋಗಿದ್ದೆ, ಹಂದಿ ಓಡಿಸೋಕೆ ಅಂತ. ಅದಕ್ಕೇನು ಗೊತ್ತು?" ಅಂದ. ಈಗ ಹೊಲಕ್ಕೆ ಹೋಗುವಾಗ ಬ್ಯಾಟರಿ ಹಿಡ್ಕೊಂಡು, ಮೊಬೈಲಲ್ಲಿ ಜೋರಾಗಿ ಹಳೇ ಹಾಡು ಹಾಕ್ಕೊಂಡು ಹೋಗ್ತಾನೆ. ಅತ್ತೆಗೆ ಮಾತ್ರ ಈ ಪ್ರಶ್ನೆ ಕೇಳಬೇಡಿ. ಅವರ ಉತ್ತರ ಬೇರೆ, ಅದೂ ಸುಳ್ಳಲ್ಲ.

ಭಾಗ 6: ಮತ್ತೆ ಹಿತ್ತಲು

ಕೊನೇ ಫೋಟೋ ಹೋದ ಭಾನುವಾರದ್ದು. ನರ್ಸರಿಯಿಂದ ಗಂಧದ ಸಸಿ ತಂದು ಅದೇ ಜಾಗದಲ್ಲಿ ನೆಟ್ಟೆ, ಪಕ್ಕದಲ್ಲಿ ಎರಡು ತೊಗರಿ. ಚೇಗು ಕಟ್ಟೋಕೇ ಹತ್ತು ಹದಿನೈದು ವರ್ಷ, ಚೆನ್ನಾಗಿ ಬಲಿಯೋಕೆ ಮೂವತ್ತು. ನನಗೆ ಆಗ ಐವತ್ತರ ಹತ್ತಿರ.

ಅಜ್ಜಿ ಕಟ್ಟೆ ಮೇಲೆ ಕೂತು ನೋಡ್ತಿದ್ದಳು.

"ಇದು ಯಾರ ಮರ ಈಗ?" ಅಂದಳು.

"ನಮ್ಮದೇ ಅಜ್ಜಿ. ಕಾನೂನು ಬದಲಾಗೈತೆ."

ಹೌದಾ ಅಂತ ತಲೆ ಆಡಿಸಿ ಒಂದು ಚೊಂಬು ನೀರು ಹಾಕಿದಳು. ಸಂಜೆ ದೀಪ ಹಚ್ಚಿ ಬಂದು ಮತ್ತೆ ಅದನ್ನೇ ಕೇಳಿದಳು.

#ಮಲಪನಗುಡಿ #ದರೋಜಿ #ಕರಡಿ #ಶ್ರೀಗಂಧ #ನಮ್ಮೂರಹಿಸ್ಟರಿ